ಬೆಕ್ಕಿಗಾಗಿ ಬೆಟ್ಟ ದಾಟಿದವಳು

ಬಿತ್ತನೆಯ ಹದ ಬರುವುದರೊಳಗೆ ಕಾಗೆಬೆಟ್ಟ ದಾಟಿ, ಆಚೆ ನದಿ ದಂಡೆಯ ಕೋಟೆಯಿಂದ ಒಂದು ಬೆಕ್ಕನ್ನು ಜೀವಂತವಾಗಿ ತರಬೇಕು ಎಂದು ಫೀನಾ ಟಟಲ್ ಹಟ ತೊಟ್ಟಳು. ಆ ಬೆಟ್ಟವನ್ನು ಜನ ದಾಟಿದ್ದು ಚಿನ್ನಕ್ಕಾಗಿ, ಇಲ್ಲವೇ ಶೆರಿಫನ ಕೈಯಿಂದ ತಪ್ಪಿಸಿಕೊಳ್ಳಲು. ಬೆಕ್ಕಿಗಾಗಿ ಹೊರಟವಳು ಇವಳೊಬ್ಬಳೇ.

ನಮ್ಮ ಕೆಟಲ್ ಕ್ರೀಕ್ ಹುಟ್ಟಿ ಆಗಿನ್ನೂ ಎರಡನೆಯ ಚಳಿಗಾಲ. ಒಂದೇ ಬೀದಿ, ಎರಡು ಕಡೆ ಮರದ ದಿಮ್ಮಿಯ ಮನೆಗಳು, ನಡುವೆ ಹೇಸರಗತ್ತೆ ಹೂತುಹೋಗುವಷ್ಟು ಕೆಸರು. ಆದರೆ ಅಲ್ಲಿ ನಿಜವಾಗಿ ಊರು ಕಟ್ಟಿದ್ದು ಇಲಿಗಳು. ಮಲಗಿದ ಗಂಡಸರ ಗಡ್ಡ ಕತ್ತರಿಸಿ ಗೂಡಿಗೆ ಹಾಸುತ್ತಿದ್ದವು. ಪಾದ್ರಿ ಪ್ರಾರ್ಥನೆಗೆಂದು ಮಂಡಿಯೂರಿ ಎದ್ದರೆ ಬೂಟಿನ ಹಿಮ್ಮಡಿ ಇರುತ್ತಿರಲಿಲ್ಲ. ಫೀನಾ ಮಿಸೌರಿಯಿಂದ ಎದೆಗವಚಿಕೊಂಡು ತಂದ ಬೀಜದ ಗೋಧಿ ಮೂಟೆ ದಿನದಿನಕ್ಕೆ ಸೊರಗುತ್ತಿತ್ತು. ಆ ವಸಂತದಲ್ಲಿ ಬಿತ್ತದವರ ಜಮೀನು ಬೇರೆಯವರ ಪಾಲು ಎಂಬುದು ಅಲ್ಲಿಯ ಕಾಯಿದೆ.

ಊರಿಗೆಲ್ಲ ಇದ್ದದ್ದು ಒಂದೇ ಬೆಕ್ಕು, ಕ್ವೀನಿ. ಅದು ಎದುರುಮನೆಯ ಲೊರಿಂಡಾ ಪ್ರೂಯಿಟ್‌ಳದು. ಊರಿನ ಒಂದೇ ಹಸು ಅವಳದು, ಒಂದೇ ಗಾಜಿನ ಕಿಟಕಿಯೂ ಅವಳದು. ಮಿಕ್ಕವರೆಲ್ಲ ಕಿಟಕಿಗೆ ಎಣ್ಣೆಕಾಗದ ಅಂಟಿಸಿಕೊಂಡು ಆ ಗಾಜನ್ನೇ ನೋಡುತ್ತಿದ್ದರು. ಬೆಕ್ಕು ಬೇಕಾದವರು ಹೋಗಿ ಬಾಗಿಲು ತಟ್ಟಬೇಕು, ಹಲ್ಲು ಗಿಂಜಬೇಕು, ಅವಳ ಬುದ್ಧಿಮಾತು ಕೇಳಬೇಕು. ಫೀನಾಳ ಹತ್ತಿರ ಲೊರಿಂಡಾಳಿಗೆ ಇಲ್ಲದ್ದು ಒಂದೇ ಒಂದು: ಕೆಂಪು ಚೆರಿಹಣ್ಣುಗಳ ಗೊಂಚಲಿದ್ದ ಚರ್ಚಿನ ಟೋಪಿ. ಭಾನುವಾರ ಅದನ್ನಿಟ್ಟುಕೊಂಡು ಲೊರಿಂಡಾಳ ಮುಂದಿನ ಸಾಲಿನಲ್ಲೇ ಕೂತು ತಲೆಯಾಡಿಸುವುದು ಅವಳ ವಾರದ ಸುಖ.

ಆ ಚಳಿಗಾಲ ಲೊರಿಂಡಾ ಬೆಕ್ಕು ಕೊಡುವುದನ್ನೇ ನಿಲ್ಲಿಸಿದಳು. ಫೀನಾ ಗಂಡನನ್ನು ಕೇಳಲು ಕಳಿಸಿದಳು.

"ಬೆಕ್ಕಿಗೆ ಮೈ ಸರಿ ಇಲ್ವಂತೆ," ಎಂದು ಆಸಾ ಮೀಸೆಗೆ ಅಂಟಿದ ಸೇಬಿನ ಪಾಕ ನೆಕ್ಕುತ್ತಾ ಬಂದ. "ಆದ್ರೆ ಅವಳು ಮಾಡಿದ ಸೇಬಿನ ಪೈ ಇದೆಯಲ್ಲಾ, ಬಾಯಿಗಿಟ್ರೆ ಕರಗೋಗುತ್ತೆ ಕಣೆ."

"ಹಂಗಾದ್ರೆ ಇಲಿ ಹಿಡಿಯೋಕೆ ಆ ಪೈನೇ ಬಿಟ್ಕೊಳ್ಳಿ."

"ಬೇಕಿದ್ರೆ ನೀನೇ ಬಂದು ಕೇಳ್ಬೇಕಂತೆ."

"ನಾನಾ? ಬೆಟ್ಟ ಬೇಕಾದ್ರೆ ಹತ್ತೇನು, ಅವಳ ಮೆಟ್ಟಿಲು ಹತ್ತಲ್ಲ. ನಾನು ಬರೋವರ್ಗೂ ನೀವು ಆ ಮೂಟೆ ಮೇಲೆ ಕೂತಿರಿ. ಇಳಿದ್ರೆ ಕಾಲು ಮುರೀತೀನಿ."

ಆಸಾ ದೊಣ್ಣೆ ಹಿಡಿದು ಮೂಟೆ ಏರಿದ. ಫೀನಾ ಟೋಪಿ ಇಟ್ಟುಕೊಂಡಳು. ಕೋಟೆಯ ಜನರೂ ಕಣ್ಣಿದ್ದವರೇ ತಾನೆ?

ದಾರಿ ಗೊತ್ತಿದ್ದವನು ಕ್ರಿಸಾಂತೋ. ದೂರದ ದಕ್ಷಿಣದ ಸೊನೋರಾ ಕಡೆಯವನು, ಹೇಸರಗತ್ತೆಯ ಮೇಲೆ ಸಾಮಾನು ಹೇರಿ ಬೆಟ್ಟ ದಾಟಿಸುವುದೇ ಕಸುಬು. ಅವನ ಹೇಸರಗತ್ತೆಯ ಹೆಸರು ಪಲೋಮ, ಅಂದರೆ ಪಾರಿವಾಳ. ಅದು ಒದ್ದು ಹಲ್ಲು ಉದುರಿಸಿದವರ ಲೆಕ್ಕ ಇಟ್ಟವರಿಲ್ಲ.

ಪೈನ್ ಮರಗಳು ಆಕಾಶಕ್ಕೆ ಚುಚ್ಚಿಕೊಂಡು ನಿಂತಿದ್ದವು. ಅವುಗಳ ಬುಡದಲ್ಲಿ ಕರಗಿದ ನೀರು ಕಾಣದಂತೆ ಹರಿಯುತ್ತಿತ್ತು, ಸದ್ದು ಮಾತ್ರ ಅಂಗಾಲಿಗೆ ತಾಗುತ್ತಿತ್ತು. ಮೇಲೆ ಹೋದಂತೆ ಮರಗಳು ಕುಳ್ಳಗಾದವು, ಗೂನಾದವು, ಕೊನೆಗೆ ಮಾಯವಾದವು. ಉಳಿದದ್ದು ಕಲ್ಲು, ಬಿಳುಪು ಮತ್ತು ಉಗುಳಿದರೆ ಮಣಿಯಾಗಿ ಬೀಳುವಂಥ ಗಾಳಿ. ದಾರಿಯ ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ತಲೆಯ ಮೇಲೆ ಬಾಗಿದ ಹಿಮದ ಗೋಡೆ. ಚಳಿಗಾಲವೆಲ್ಲ ಸುರಿದದ್ದು ಅಲ್ಲಿ ಉಸಿರು ಬಿಗಿಹಿಡಿದು ತೂಗುತ್ತಿತ್ತು.

ಕ್ರಿಸಾಂತೋ ಪಲೋಮಳ ಕೊರಳಿನ ಗಂಟೆ ಬಿಚ್ಚಿ ಚೀಲಕ್ಕೆ ಹಾಕಿದ. "ಇಲ್ಲಿಂದ ಮಾತಾಡ್ಬೇಡಿ ಅಮ್ಮಾ. ಮೇಲಿರೋ ಹಿಮಕ್ಕೆ ಕಿವಿ ಇದೆ."

"ನಾನೆಲ್ಲಪ್ಪಾ ಮಾತಾಡಿದೆ?"

"ಬುಡದಿಂದ ಲೊರಿಂಡಾ ಲೊರಿಂಡಾ ಅಂತ ಜಪ ಮಾಡ್ತಿದೀರಲ್ಲಾ. ಆ ಹೊಟ್ಟೆಕಿಚ್ಚಿನ ಶಾಖಕ್ಕೇ ಅರ್ಧ ಹಿಮ ಕರಗಿದೆ."

ಫೀನಾ ತುಟಿ ಹೊಲಿದುಕೊಂಡಳು. ಆ ಮೌನದಲ್ಲಿ ಅವಳು ಲೊರಿಂಡಾಳಿಗೆ ಹೇಳಿಕೊಂಡ ಮಾತುಗಳು ಹೊರಗೆ ಬಂದಿದ್ದರೆ ಬೆಟ್ಟವೇ ಮಗುಚುತ್ತಿತ್ತು.

ಅವರು ಬೆಟ್ಟ ಇಳಿದಾಗ ಕೋಟೆಯ ಬಳಿ ನದಿ ದಂಡೆಗೆ ಹಬೆದೋಣಿ ಬಂದು ನಿಂತಿತ್ತು. ಅದರ ಅಡಿಗೆಯವನ ಬಳಿ ಒಂದು ಕೆಂಚು ಗಂಡುಬೆಕ್ಕು. ಒಂದು ಕಿವಿ ಅರ್ಧ ಹರಿದಿತ್ತು, ಮುಖದಲ್ಲಿ ಯುದ್ಧ ಗೆದ್ದು ಬಂದವನ ಗತ್ತು. ಫೀನಾ ಅಲ್ಲೇ ಅದಕ್ಕೆ ಜನರಲ್ ಎಂದು ಹೆಸರಿಟ್ಟಳು. ಒಣಮಾಂಸ, ಉಣ್ಣೆಯ ಕಾಲುಚೀಲ, ಏನು ತೋರಿಸಿದರೂ ಅಡಿಗೆಯವನು ಒಪ್ಪಲಿಲ್ಲ. ಅವನ ಕಣ್ಣು ಅವಳ ತಲೆಯ ಮೇಲೆಯೇ ಇತ್ತು.

"ನಮ್ಮೋಳಿಗೆ ಚೆರಿ ಅಂದ್ರೆ ಪ್ರಾಣ," ಎಂದ.

ಫೀನಾ ಟೋಪಿ ತೆಗೆದಳು, ಮತ್ತೆ ಇಟ್ಟುಕೊಂಡಳು, ಮತ್ತೆ ತೆಗೆದಳು. ಮೂಟೆ ನೆನಪಾಯಿತು, ಆ ಮೆಟ್ಟಿಲು ನೆನಪಾಯಿತು. ಕಣ್ಣು ಮುಚ್ಚಿ ಕೊಟ್ಟುಬಿಟ್ಟಳು. ಹಲ್ಲು ಕೀಳಿಸಿಕೊಂಡಾಗಲೂ ಅಷ್ಟು ನೋವಾಗಿರಲಿಲ್ಲ.

ಮರಳಿ ಬರುವಾಗ ಹಿಮದ ಗೋಡೆಯ ಕೆಳಗೆ ಬಂದರು. ಬಿಸಿಲೇರಿತ್ತು. ಮೇಲಿನಿಂದ ಹನಿಗಳು ಉದುರುತ್ತಿದ್ದವು.

ಆಗ ಬುಟ್ಟಿಯೊಳಗಿನ ಜನರಲ್ ಬಾಯಿ ತೆಗೆದ.

ಅದು ಮಿಯಾಂವ್ ಅಲ್ಲ. ಸತ್ತವರು ಎದ್ದು ಕೂತು ಸುಮ್ಮನಿರು ಎನ್ನುವಂಥ ಕೂಗು. ಕಣಿವೆ ಅದನ್ನು ನಾಲ್ಕು ಪಟ್ಟು ಮಾಡಿ ಹಿಂದಕ್ಕೆ ಎಸೆಯಿತು.

ಮೇಲೆಲ್ಲೋ ಟಕ್ ಎಂದಿತು.

ಕ್ರಿಸಾಂತೋ ಬುಟ್ಟಿಯನ್ನು ಪ್ರಪಾತಕ್ಕೆ ಎಸೆಯುವಂತೆ ಕೈಸನ್ನೆ ಮಾಡಿದ. ಫೀನಾ ಆಗದೆಂದು ತಲೆಯಾಡಿಸಿದಳು. ಬುಟ್ಟಿಯ ಮುಚ್ಚಳ ಕಿತ್ತು, ಬೆಕ್ಕನ್ನು ಎತ್ತಿ, ಕೋಟಿನೊಳಗೆ ಎದೆಗೆ ಒತ್ತಿ ಗುಂಡಿ ಹಾಕಿಕೊಂಡಳು.

ಜನರಲ್ ಉಗುರು ಇಳಿಸಿದ, ಮುಂಗಾಲುಗಳ ಹತ್ತೂ ಬೆರಳಿನದು ಒಟ್ಟಿಗೆ. ಫೀನಾಳ ಕಣ್ಣಲ್ಲಿ ನೀರು ಚಿಮ್ಮಿತು. ಬಾಯಿಂದ ಸದ್ದು ಮಾತ್ರ ಬರಲಿಲ್ಲ. ಟೋಪಿ ಕೊಟ್ಟು ತಂದದ್ದು, ಬಿಡುತ್ತಾಳೆಯೇ?

ಮತ್ತೆ ಟಕ್. ತಲೆಯ ಮೇಲೆ ನೀಲಿ ಗೆರೆಯೊಂದು ಬಿರಿಯಿತು.

"ಓಡಿ!"

ಪಲೋಮ ಹೆಸರಿಗೆ ತಕ್ಕಂತೆ ಹಾರಿತು. ಫೀನಾ ಅದರ ಬಾಲ ಹಿಡಿದಳು, ಹೆಜ್ಜೆ ನೆಲಕ್ಕೆ ತಾಗಿತೋ ಇಲ್ಲವೋ. ಹಿಂದೆ ಬೆಟ್ಟ ಕೆಮ್ಮಿತು. ಗಾಳಿ ಬಂದು ಮೂವರನ್ನೂ ಹತ್ತಿಯಂತೆ ಎತ್ತಿ ಬಂಡೆಯ ಮರೆಗೆ ಎಸೆಯಿತು. ಬಿಳಿ ಹೊಗೆ ಕವಿಯಿತು.

ಹೊಗೆ ಇಳಿದಾಗ ಅವರು ಬಂದ ದಾರಿಯೇ ಇರಲಿಲ್ಲ.

"ಬೆಕ್ಕು?" ಎಂದ ಕ್ರಿಸಾಂತೋ ಬಾಯಿಯ ಹಿಮ ಉಗುಳುತ್ತಾ.

ಕೋಟಿನೊಳಗಿಂದ ಗುರುಗುರು ಸದ್ದು ಬಂತು. ಜನರಲ್ ನಿದ್ದೆ ಹೋಗಿದ್ದ.

ಫೀನಾ ಮನೆ ಸೇರಿದಾಗ ಆಸಾ ಮೂಟೆಯ ಮೇಲೆಯೇ ಇದ್ದ, ಗಡ್ಡ ಮಾತ್ರ ಅರ್ಧ ಇತ್ತು. ಬೆಕ್ಕನ್ನು ಕೆಳಗೆ ಬಿಟ್ಟಳು. ಅದು ಒಲೆ ನೋಡಿತು, ಮೂಟೆ ನೋಡಿತು, ಬಂದು ಬಾಗಿಲಿಗೆ ಮುಖ ಮಾಡಿ ಕೂತಿತು.

"ಹೊರಟೋಗೋ ಯೋಚ್ನೆ ಅದರದ್ದು," ಎಂದ ಆಸಾ. "ಅಂಗಾಲಿಗೆ ಬೆಣ್ಣೆ ಹಚ್ಚಲ್ವೇನೆ?"

ಫೀನಾ ಹೊಸ್ತಿಲಲ್ಲೇ ಕುಸಿದಳು. ಹೊಸಮನೆಗೆ ಬಂದ ಬೆಕ್ಕಿನ ನಾಲ್ಕೂ ಅಂಗಾಲಿಗೆ ಬೆಣ್ಣೆ ಹಚ್ಚಬೇಕು. ನೆಕ್ಕಿ ಮುಗಿಸುವಷ್ಟರಲ್ಲಿ ಅದಕ್ಕೆ ಆ ಮನೆಯೇ ತನ್ನದಾಗುತ್ತದೆ. ಹಚ್ಚದಿದ್ದರೆ ಬಂದ ದಾರಿ ಹಿಡಿಯುತ್ತದೆ. ಅವಳ ಅಜ್ಜಿಯ ಅಜ್ಜಿಯೂ ಹೇಳಿದ್ದ ಮಾತು. ಬೆಟ್ಟ, ಪ್ರಪಾತ, ಟೋಪಿ ಎಲ್ಲ ಯೋಚಿಸಿದ್ದವಳು ಇದೊಂದನ್ನು ಮರೆತಿದ್ದಳು. ಹಂದಿಕೊಬ್ಬು ಹಚ್ಚಿ ನೋಡಿದಳು. ಜನರಲ್ ಕಾಲು ಒದರಿ ಅದನ್ನು ಅವಳ ಮುಖಕ್ಕೇ ಎರಚಿದ.

ಊರಿಗೆಲ್ಲ ಒಂದೇ ಹಸು.

ಬೀದಿ ದಾಟುವುದು ಬೆಟ್ಟ ದಾಟಿದ್ದಕ್ಕಿಂತ ಕಷ್ಟವಾಯಿತು. ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು.

"ಬೆಣ್ಣೆ ಬೇಕಿತ್ತು. ಒಂದು ಚೂರು."

"ಯಾತಕ್ಕೆ?" ಎಂದಳು ಲೊರಿಂಡಾ.

"ತಿನ್ನೋಕೆ."

ಲೊರಿಂಡಾ ಅವಳ ಕೊರಳಿನ ಗೀರುಗಳನ್ನು ನೋಡಿದಳು. ಫೀನಾ ಅವಳ ಹೆಗಲಾಚೆ ನೋಡಿದಳು. ಒಲೆಯ ಪಕ್ಕ ಕ್ವೀನಿ ಮಲಗಿತ್ತು. ಅದರ ಹಾಲಿನ ಬಟ್ಟಲಿನಲ್ಲಿ ಒಂದು ಇಲಿ ಮುಂಗಾಲೂರಿ ಹಾಲು ಕುಡಿಯುತ್ತಿತ್ತು. ಕ್ವೀನಿ ಆಕಳಿಸಿತು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ.

"ನೋಡಿದ್ಯಲ್ಲಾ, ಊರಿಗೆಲ್ಲ ಸಾರು ಹೋಗು," ಎಂದಳು ಲೊರಿಂಡಾ ಮೆಲ್ಲಗೆ. "ಚಳಿಗಾಲಕ್ಕೆ ಮುಂಚೇನೇ ಉದುರ್ಹೋಯ್ತು. ಬೆಕ್ಕಿದೆ ಅಂತ ತಾನೆ ನಾಲ್ಕು ಜನ ನನ್ನ ಬಾಗಿಲಿಗೆ ಬರ್ತಿದ್ರು? ನನ್ನ ಬೀಜಾನೂ ಅರ್ಧ ಹೋಯ್ತು ಕಣೆ."

ಹಲ್ಲಿಲ್ಲದ ಬೆಕ್ಕಿನ ಮೇಲೆ ಹೊಟ್ಟೆ ಉರಿದುಕೊಂಡು ಬೆಟ್ಟ ಹತ್ತಿದ್ದೆನಲ್ಲ ಎಂದು ಫೀನಾಳಿಗೆ ನಗು ಬಂತು, ನಗಲಾಗಲಿಲ್ಲ.

"ನಿನ್ನ ಟೋಪಿ ಎಲ್ಲೇ?"

"ಅದನ್ನ ಕೊಟ್ಟೇ ಒಂದು ಬೆಕ್ಕು ತಂದೆ."

"ಆ ಚೆರಿ ಟೋಪಿನಾ?" ಲೊರಿಂಡಾ ಬಾಗಿಲಿಗೆ ಒರಗಿದಳು. "ಅದು ನನ್ನ ಮುಂದೆ ಕುಣೀತಾ ಇದ್ರೆ ಪಾದ್ರಿ ಹೇಳಿದ್ದು ಒಂದಕ್ಷರ ನನ್ನ ಕಿವಿಗೆ ಬೀಳ್ತಿರ್ಲಿಲ್ಲ. ಬೆಂಕಿಗೆ ಹಾಕೋಣ ಅಂತ ಎಷ್ಟು ಸಲ ಅನ್ಕೊಂಡಿದ್ನೋ."

ಫೀನಾಳ ಮೈಯ ಗೀರುಗಳೆಲ್ಲ ಒಮ್ಮೆಲೇ ತಂಪಾದವು.

ಲೊರಿಂಡಾ ಬೆಣ್ಣೆಯ ಮಡಕೆಯನ್ನೇ ಎತ್ತಿಕೊಂಡು ಬೀದಿ ದಾಟಿ ಫೀನಾಳ ಮನೆಗೆ ಬಂದಳು. "ನೀನು ಜಿಪುಣಿ, ಸರಿಯಾಗಿ ಹಚ್ಚಲ್ಲ," ಎಂದು ತಾನೇ ಕೂತು ಹಚ್ಚಿದಳು. ಜನರಲ್ ನೆಕ್ಕಿದ, ಕಣ್ಣು ಮುಚ್ಚಿದ, ಕೊನೆಗೆ ಲೊರಿಂಡಾಳ ಮಡಿಲಲ್ಲೇ ಸುರುಳಿಯಾದ. ಫೀನಾಳ ಹೊಟ್ಟೆಯಲ್ಲಿ ಹಳೆಯ ಕೆಂಡ ಮತ್ತೆ ಕೆಂಪಾಯಿತು.

ಮೂಟೆಯ ಹಿಂದೆ ಚಿಕ್ ಎಂದಿತು. ಕೆಂಚು ಮಿಂಚೊಂದು ಆಸಾನ ತೊಡೆಯ ಮೇಲಿಂದ ಹಾರಿಹೋಯಿತು. ಜನರಲ್ ಬಾಯಲ್ಲಿ ಇಲಿ ಕಚ್ಚಿ ತಂದು ಫೀನಾಳ ಕಾಲ ಬಳಿ ಇಟ್ಟ. ಮೊದಲ ಸಲ ಆಸಾ ಮೂಟೆಯಿಂದ ಕೆಳಗಿಳಿದ. ಬಿತ್ತುವಷ್ಟು ಬೀಜ ಉಳಿದಿತ್ತು.

"ನಾಳೆ ನಮ್ಮನೆಗೆ ಕಳಿಸ್ತೀಯೇನೆ?" ಎಂದಳು ಲೊರಿಂಡಾ.

"ಹಂಗೆ ಕೂತ್ಕೊಂಡು ಕೇಳಿದ್ರೆ ಆಗುತ್ತಾ? ಆಚೆ ಹೋಗಿ, ಬಾಗಿಲು ತಟ್ಟಿ ಕೇಳು."

ಲೊರಿಂಡಾ ಅವಳನ್ನೇ ನೋಡಿದಳು. ಎದ್ದು ಸ್ಕರ್ಟು ಕೊಡವಿ ಹೊರಗೆ ಹೋಗಿ ಬಾಗಿಲು ಹಾಕಿಕೊಂಡಳು. ತಟ್ಟಿದಳು.

ಫೀನಾ ಬೆಕ್ಕನ್ನು ತೊಡೆಗೆಳೆದುಕೊಂಡು, ಅವಳು ಎರಡನೆಯ ಸಲ ತಟ್ಟುವವರೆಗೂ ಕಾದಳು.