ಹದಿನೇಳನೇ ಪುಸ್ತಕದ ಐವತ್ತು ಪುಟ

2024ರ ನವೆಂಬರ್ 10, ಭಾನುವಾರ, ಬೆಳಿಗ್ಗೆ 9.20. ಕುವೈತಿನ ಫರ್ವಾನಿಯಾ ಪೊಲೀಸ್ ಠಾಣೆಯ ಕೌಂಟರಿನ ಮುಂದೆ ಇಬ್ಬರು ಹೆಂಗಸರು ಬಂದು ನಿಂತರು. ಮುಂದೆ ನಿಂತವರು ಪಾತು, ಅರುವತ್ತಮೂರು ವರ್ಷ, ಉಳ್ಳಾಲದವರು, ವಿಸಿಟ್ ವೀಸಾದಲ್ಲಿ ಬಂದವರು. ಹಿಂದೆ ಅವರ ಮಗಳು ರಮ್ಲಾ, ಇಲ್ಲೇ ಕ್ಲಿನಿಕ್ಕೊಂದರಲ್ಲಿ ಕೆಲಸ. ಪೊಲೀಸರ ಅರಬಿ ಪಾತುವಿಗೆ ಅರ್ಥವಾಗಲಿಲ್ಲ, ಪಾತುವಿನ ಬ್ಯಾರಿ ಪೊಲೀಸರಿಗೆ ಅರ್ಥವಾಗಲಿಲ್ಲ, ರಮ್ಲಾಳದು ಕಾಗದ ಓದುವಷ್ಟೇ ಅರಬಿ. ಹಾಗಾಗಿ ಠಾಣೆಯ ದುಭಾಷಿ ಝಾಕಿರನಿಗೆ ಕರೆ ಹೋಯಿತು. ಹನ್ನೊಂದು ವರ್ಷದಿಂದ ಊರಿನವರ ಜಗಳ, ಕಳ್ಳತನ, ಕಣ್ಣೀರು ಎಲ್ಲವನ್ನೂ ಅರಬಿಗೆ ದಾಟಿಸುತ್ತಾ ಬಂದವನು ಅವನು.

"ಯಾರ ಮೇಲೆ ದೂರು, ಉಮ್ಮಾ?"

"ಅದು ಗೊತ್ತಿದ್ರೆ ನಾನೇ ಹೋಗಿ ಕಪಾಳಕ್ಕೆ ಕೊಡ್ತಿದ್ದೆ ಮೋನೇ. ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

ರಮ್ಲಾ ಒಂದು ಕಾಗದ ಮುಂದಿಟ್ಟಳು. 1970ರ ಜನಗಣತಿಯ ಪುಟವೊಂದರ ಸ್ಕ್ಯಾನ್. ಹಳೆಯ ಗಣತಿ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಒಂದು ಖಾಸಗಿ ಕಂಪನಿಯದು. ನಮ್ಮವರ ಹೆಸರು ಸಿಗಲಿಲ್ಲ ಎಂದು ಅರ್ಜಿ ಹಾಕಿದರೆ ಅಲ್ಲಿಯವರು ಪುಸ್ತಕದಲ್ಲೇ ಹುಡುಕಿ, ಸಿಕ್ಕಿದರೆ ಇಮೇಲಿನಲ್ಲಿ ಪುಟ ಕಳಿಸುತ್ತಾರೆ.

ಪಾತು ಹೇಳಿದ್ದಿಷ್ಟು. 1969ರಲ್ಲಿ ಅವರಿಗೆ ಎಂಟು ವರ್ಷ. ಆಗ ಮನೆ ಇಲ್ಲೇ, ಕುವೈತಿನ ಹವಳ್ಳಿಯಲ್ಲಿ. ಊರಿಗೆ ಮರಳಲು ಉಮ್ಮನ ಜೊತೆ ಬೊಂಬಾಯಿ ಹಡಗು ಹತ್ತಬೇಕಿತ್ತು. ತಮ್ಮ ಅಬ್ದುಲ್ ಲತೀಫನಿಗೆ ಎರಡು ವರ್ಷ, ಮೈ ತುಂಬ ದಡಾರ. ಜ್ವರದ ಮಗುವನ್ನು ಹಡಗಿಗೆ ಬಿಡುವುದಿಲ್ಲ ಎಂದರು ಬಂದರಿನ ಡಾಕ್ಟರು. ಮುಂದಿನ ಹಡಗಿಗೆ ನಾನೇ ಕರೆತರುತ್ತೇನೆ ಎಂದು ಬಾಪ ಮಗುವನ್ನು ಎತ್ತಿಕೊಂಡು ಹಿಂದೆ ಹೋದರು. ಮರುವರ್ಷ ಜನವರಿಯಲ್ಲಿ ಬಾಪ ತೀರಿಕೊಂಡ ಸುದ್ದಿ ಬಂತು. ಮಗುವಿನ ಸುದ್ದಿ ಬರಲೇ ಇಲ್ಲ. ಉಮ್ಮ ಬದುಕಿರುವವರೆಗೂ ಪ್ರತಿ ಹಬ್ಬಕ್ಕೆ ಬಾಗಿಲ ಚೌಕಟ್ಟಿಗೆ ಕೈಯಿಟ್ಟು, ಈಗ ಅವನು ಇಷ್ಟೆತ್ತರ ಆಗಿರಬಹುದು ಅನ್ನುತ್ತಿದ್ದರಂತೆ.

"ಪುಟ ಬಂದ ದಿನ ಇವಳು 'ಅಬ್ದುಲ್ ಲತೀಫ್, ಮೂರು ವರ್ಷ' ಅಂತ ಓದಿದ್ಳು. ನನಗೆ ಮತ್ತೆಂಥದೂ ಕೇಳ್ಲಿಲ್ಲ. ಮೂರು ದಿವಸ ಹವಳ್ಳಿ ಪೂರಾ ತಿರುಗಿದೆ. ಒಬ್ಬ ಮುದುಕ ಲತೀಫ್ ಸಿಕ್ಕಿದ. ಕೈ ಹಿಡ್ಕೊಂಡು ಅತ್ತೆ. ಅವ ಮಲಪ್ಪುರದವ, ಪಾಪ, ಅಷ್ಟು ಹೊತ್ತು ಸುಮ್ಮನೆ ಕೂತ್ಕೊಂಡ."

"ಪುಟ ಸುಳ್ಳು ಅಂತ ಹೇಗೆ ಗೊತ್ತಾಯ್ತು?"

"ನಿನ್ನೆ ರಾತ್ರಿ ಇವಳ ಹತ್ರ ಪೂರ್ತಿ ಓದಿಸಿದೆ. ಮನೆಯ ಯಜಮಾನ ಹಸನಬ್ಬ ಅಂತೆ, ಹುಡುಗನ ತಾಯಿಯ ತಮ್ಮ ಅಂತೆ. ನನ್ನ ಉಮ್ಮ ಒಬ್ಬಳೇ ಮಗಳು, ಮೋನೇ. ಅಣ್ಣ ತಮ್ಮ ಯಾರೂ ಇಲ್ಲ."

9.55ಕ್ಕೆ ದೂರು ದಾಖಲಾಯಿತು. ಆ ಕಾಗದಕ್ಕೆ ಅರಬಿಯಲ್ಲಿ ಬೇರೆ ಹೆಸರಿದೆ, ಝಾಕಿರನ ಬಾಯಲ್ಲಿ ಅದು ಇಂದಿಗೂ ಎಫ್‌ಐಆರ್. ಪಾತು ಹೆಬ್ಬೆಟ್ಟು ಒತ್ತಿ ಎದ್ದರು. ವೀಸಾ ಮುಗಿಯುವುದು 24ಕ್ಕೆ, ಇನ್ನು ಹದಿನಾಲ್ಕು ದಿನ.

ತನಿಖೆ ಲೆಫ್ಟಿನೆಂಟ್ ಬದರ್ ಕೈಗೆ ಬಂತು. ಮೂವತ್ತರ ಕುವೈತಿ ಅಧಿಕಾರಿ, ಮಾತು ಕಮ್ಮಿ. ಮಧ್ಯಾಹ್ನ ಅವರೂ ಝಾಕಿರನೂ ಕಾನ್‌ಸ್ಟೇಬಲ್ ಸಾಲೆಮನೂ ಕಂಪನಿಯ ಕಚೇರಿಗೆ ಹೋದರು. ಪಾತು ಇದ್ದ ಬೀದಿ ಹದಿನೇಳನೇ ಪುಸ್ತಕದಲ್ಲಿತ್ತು. ಕಂಪ್ಯೂಟರಿನಲ್ಲಿ ಆ ಪುಸ್ತಕದ 211ರಿಂದ 260ರವರೆಗಿನ ಪುಟಗಳೇ ಇಲ್ಲ.

"ಪುಸ್ತಕ ಬಂದದ್ದೇ ಹಾಗೆ," ಎಂದ ಮ್ಯಾನೇಜರ್.

"ಇಲ್ಲದ ಪುಟದ ಸ್ಕ್ಯಾನ್ ಕಳಿಸಿದ್ದು ಯಾರು?"

"ವಿಭಾಗದಲ್ಲಿ ಒಂಬತ್ತು ಜನ. ಇಮೇಲ್ ಎಲ್ಲರಿಗೂ ಸೇರಿ ಒಂದೇ."

ಆ ಬೀದಿಯ ಬಗ್ಗೆ ವರ್ಷದೊಳಗೆ ಇನ್ನೂ ನಾಲ್ಕು ಅರ್ಜಿ ಬಂದಿದ್ದವು. ನಾಲ್ಕಕ್ಕೂ ಪುಟ ಹೋಗಿತ್ತು. ಯಾರಿಂದಲೂ ಬಿಡಿಗಾಸು ಕೇಳಿರಲಿಲ್ಲ. ಅಕ್ಷರ ನೋಡಿ ಹಿಡಿಯುವ ಹಾಗೂ ಇರಲಿಲ್ಲ. ಬೇರೆ ಬೇರೆ ಪುಟಗಳ ಹಳೆಯ ಅಕ್ಷರಗಳನ್ನೇ ಕತ್ತರಿಸಿ ಜೋಡಿಸಿದ ಕೆಲಸ ಅದು.

ಸೋಮವಾರ ಬೆಳಿಗ್ಗೆ ಬದರ್ ಐದೂ ಪುಟಗಳನ್ನು ಮೇಜಿನ ಮೇಲೆ ಹರಡಿದರು. ಚಹಾ ಆರಿಹೋಗುವವರೆಗೂ ನೋಡುತ್ತಾ ಕೂತರು.

"ಝಾಕಿರ್, ಅಪ್ಪ ಸತ್ತರೆ ಮಗು ಯಾರ ಮನೆಗೆ ಹೋಗುತ್ತದೆ?"

"ಅಪ್ಪನ ಅಣ್ಣನೋ ತಮ್ಮನೋ ನೋಡ್ಕೊಳ್ತಾರೆ, ಸರ್."

"ನಮ್ಮಲ್ಲೂ ಅಷ್ಟೆ. ಇಲ್ಲಿ ನೋಡು. ಹೈದರಾಬಾದಿನ ಮನೆ, ಗೋವಾದ ಮನೆ, ಬಸ್ರಾದ ಮನೆ. ಐದರಲ್ಲೂ ಯಜಮಾನ ತಾಯಿಯ ತಮ್ಮ. ಅವನ ಕೆಳಗೆ ಅಕ್ಕನ ಮಕ್ಕಳು. ಅವನ ಸ್ವಂತ ಮಕ್ಕಳ ಹೆಸರೇ ಇಲ್ಲ. ಯಾವ ಊರಿನ ಮನೆ ಇದು?"

ಝಾಕಿರ್ ಪುಟಗಳ ಮೇಲೆ ಬಾಗಿದ. ಊರು ಅವನಿಗೆ ಗೊತ್ತಿತ್ತು. ಶಾಲೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ತುಳು ಹುಡುಗರ ಮನೆಗಳು ಹೀಗೇ ಇದ್ದವು. ಅಲ್ಲಿ ಅಳಿಯಕಟ್ಟು. ಮನೆ ನಡೆಸುವವನು ಮಾವ, ಮನೆ ಉಳಿಯುವುದು ಅವನ ಅಕ್ಕತಂಗಿಯರ ಮಕ್ಕಳಿಗೆ. ಇಲ್ಲದ ಮನೆಯನ್ನು ಕಟ್ಟಹೊರಟವನು ತಾನು ಬೆಳೆದ ಮನೆಯನ್ನೇ ಕಟ್ಟಿಬಿಟ್ಟಿದ್ದ.

ಹೇಳದೆ ಇರಬಹುದಿತ್ತು. ಆದರೆ ಮಲಪ್ಪುರದ ಮುದುಕನ ಕೈ ಹಿಡಿದು ಅತ್ತ ಪಾತು ಕಣ್ಣ ಮುಂದೆ ಬಂದರು.

"ನಮ್ಮ ಕಡೆಯ ಮನೆ, ಸರ್," ಎಂದ.

ಒಂಬತ್ತು ಜನರ ಪಟ್ಟಿಯಲ್ಲಿ ಆ ಕಡೆಯವನು ಒಬ್ಬನೇ. ರೋಹಿದಾಸ, ಐವತ್ತೆರಡು ವರ್ಷ, ಮೂಲ್ಕಿಯವನು. ಕುವೈತಿನಲ್ಲಿ ಹದಿನೆಂಟು ವರ್ಷ ಕಳೆದು ಅರಬಿ ಓದಲು ಬರೆಯಲು ಕಲಿತವನು.

ನವೆಂಬರ್ 12, ಮಂಗಳವಾರ, 10.40. ಕಂಪನಿಯ ಸಣ್ಣ ಕೋಣೆ. ಪ್ರಶ್ನೆ ಬದರ್ ಅವರದು.

"ಹದಿನೇಳನೇ ಪುಸ್ತಕ ಸ್ಕ್ಯಾನ್ ಮಾಡಿದ್ದು ಯಾರು?"

"ನಾನೇ."

"ಐವತ್ತು ಪುಟ ಎಲ್ಲಿ?"

ರೋಹಿದಾಸ ಬದರ್ ಕಡೆ ನೋಡಲಿಲ್ಲ, ಝಾಕಿರನನ್ನೇ ನೋಡಿದ. "ನೀವು ಊರಿನವರಲ್ವಾ? ಎಲ್ಲಿ?"

"ಉಳ್ಳಾಲ. ಕೇಳಿದ್ದಕ್ಕೆ ಹೇಳಿ, ರೋಹಿದಾಸಣ್ಣ."

"ಮಾವಂದಿರಿಂದ ಸಿಕ್ಕಿಬಿದ್ದೆ, ಅಲ್ವಾ?" ಅವನ ಮುಖದಲ್ಲಿ ನಗುವಿನಂಥದ್ದು ಬಂದು ಹೋಯಿತು. "ಕಳಿಸಿದ ಮೇಲೆ ನನಗೇ ಗೊತ್ತಾಯ್ತು ಮಾರಾಯ್ರೆ. ಇವತ್ತಲ್ಲ ನಾಳೆ ಯಾರಾದ್ರೂ ಓದ್ತಾರೆ ಅಂತ."

"ಪುಟ ಎಲ್ಲುಂಟು?"

"ರೂಮಲ್ಲಿ."

ಶೋಧದ ಅನುಮತಿ ಪತ್ರ ಬಂದದ್ದು 2.30ಕ್ಕೆ. ಅಬ್ಬಾಸಿಯಾದಲ್ಲಿ ಮೂರು ಜನ ಹಂಚಿಕೊಂಡ ಕೋಣೆ. ರೋಹಿದಾಸನ ಮಂಚದ ಕೆಳಗಿನಿಂದ ಸಾಲೆಮ್ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಎಳೆದ. ಒಳಗೆ, ಹತ್ತಿ ಬಟ್ಟೆಯಲ್ಲಿ ಸುತ್ತಿದ ಕಾಗದದ ಕಟ್ಟು. ಪುಟಕ್ಕೆ ಪುಟ ಅಂಟಿ ಇಟ್ಟಿಗೆಯಂತಾಗಿತ್ತು. ಮೇಲಿನ ಏಳು ಹಾಳೆ ಮಾತ್ರ ಬಿಡಿಯಾಗಿದ್ದವು. ಪಕ್ಕದಲ್ಲಿ ಒಂದು ಉಕ್ಕಿನ ಸ್ಕೇಲು, ಒಂದು ಮೆತ್ತನೆಯ ಬ್ರಷ್ಷು. ಪಕ್ಕದ ಮಂಚದ ಇಬ್ಬರನ್ನು ಸಾಕ್ಷಿಯಾಗಿ ನಿಲ್ಲಿಸಿ ಪಂಚನಾಮೆ ಬರೆದರು. ಸಂಜೆ 4.15ಕ್ಕೆ ಬಂಧನ.

ಕೈಕೋಳ ಹಾಕುವಾಗ ಅವನು ಹೇಳಿದ್ದು ಒಂದೇ ಮಾತು. "ಲ್ಯಾಬಿನವರಿಗೆ ಹೇಳಿ, ಬಿಸಿ ಗಾಳಿ ಹಾಕ್ಬಾರ್ದು. ಶಾಯಿ ಹೋಗ್ತದೆ."

ಲ್ಯಾಬಿನವರು ಒಂಬತ್ತು ದಿನ ತೆಗೆದುಕೊಂಡರು. 21ರ ಗುರುವಾರ ಬೆಳಿಗ್ಗೆ 238ನೇ ಪುಟ ಬಿಡಿಸಿಕೊಂಡಿತು. ಬದರ್ ತಾವೇ ಫೋನ್ ಮಾಡಿ ಪಾತುವನ್ನು ಕರೆಸಿದರು.

ಝಾಕಿರ್ ಓದಿದ. "ಮನೆಯ ಯಜಮಾನ ಡೋಲ್ಫಿ, ದರ್ಜಿ, ಹಿಂದೂಸ್ತಾನದವನು. ಹೆಂಡತಿ. ಇಬ್ಬರು ಹೆಣ್ಣುಮಕ್ಕಳು. ಕೊನೆಯ ಸಾಲು, ಅಬ್ದುಲ್ ಲತೀಫ್, ಮೂರು ವರ್ಷ. ಸಂಬಂಧ..." ಅವನು ಕಾಗದವನ್ನು ಹತ್ತಿರಕ್ಕೆ ಹಿಡಿದ. "ಸಂಬಂಧ, ನೆರೆಮನೆಯ ಮಗು."

"ಟೈಲರ್ ಡೋಲ್ಫಿ!" ಪಾತು ಎದ್ದು ನಿಂತರು. "ಗೋಡೆಯ ಆಚೆ ಮನೆ. ಅವನ ಹೆಂಡತಿ ನನಗೆ ಫ್ರಾಕು ಹೊಲಿದು ಕೊಟ್ಟಿದ್ಳು." ಮತ್ತೆ ಕೂತರು. ಝಾಕಿರನತ್ತ ತಿರುಗಿ ಕೇಳಿದರು. "ಆಮೇಲೆ?"

"ಆಮೇಲಿನದ್ದು ಹುಡುಕ್ಬೇಕು, ಉಮ್ಮಾ. ಈಗ ಯಾರ ಮನೆ ಅಂತ ಗೊತ್ತುಂಟಲ್ಲ. ಸಾಹೇಬರು ನಿಮ್ಮ ವೀಸಾ ಒಂದು ತಿಂಗಳು ಮುಂದೆ ಹಾಕ್ಲಿಕ್ಕೆ ಬರೆದಿದ್ದಾರೆ."

"ಆ ಮನುಷ್ಯನ ಮೇಲಿನ ಕೇಸು ನಾನು ವಾಪಸ್ ತೆಗೆಯುದಿಲ್ಲ, ಹೇಳು ಅವರಿಗೆ. 'ನನ್ನ ಕೈಯಲ್ಲಿ ಹಾಳಾಯ್ತು' ಅಂತ ಒಂದು ಮಾತು ಬರೆದಿದ್ರೆ ಸಾಕಿತ್ತು."

11.30ಕ್ಕೆ ರೋಹಿದಾಸನ ಕೊನೆಯ ಹೇಳಿಕೆ. ಎರಡು ವರ್ಷದ ಹಿಂದೆ, ಸೆಖೆಗೆ ಹಳೆಯ ಪುಸ್ತಕ ಹಾಳಾದೀತೆಂದು ಅದನ್ನು ಕಚೇರಿಯ ಎ.ಸಿ.ಯ ಕೆಳಗೇ ಇಟ್ಟು ರೂಮಿಗೆ ಹೋಗಿದ್ದ. ಎರಡು ದಿನ ರಜೆ. ಎ.ಸಿ.ಯ ನೀರು ತೊಟ್ಟಿಕ್ಕುತ್ತಲೇ ಇತ್ತು.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಖಲಾಸ್. ಇಲ್ಲಿರ್ಲಿಕ್ಕೆ ಕೊಟ್ಟ ಇಕಾಮಾ ಕ್ಯಾನ್ಸಲ್, ಮರುದಿನ ವಿಮಾನ. ಒಂದೊಂದೇ ಬಿಡಿಸಿ ವಾಪಸ್ ಇಡುವಾ ಅಂತ ಇದ್ದೆ."

"ಸುಳ್ಳು ಪುಟ ಯಾಕೆ?"

"ಹೋದ ವರ್ಷ ಬಂದ ಮೊದಲ ಅರ್ಜಿಗೆ 'ಸಿಗಲಿಲ್ಲ' ಅಂತಲೇ ಬರೆದೆ. ಆ ಹೆಂಗಸು ಥ್ಯಾಂಕ್ಸ್ ಹೇಳಿ ಬರೆದ್ರು. 'ಹಾಗಾದರೆ ನಾವು ಅಲ್ಲಿ ಇರಲೇ ಇಲ್ಲ' ಅಂತ." ಅವನು ಕಣ್ಣು ಒರೆಸಿಕೊಂಡ. "ಇದ್ರು. ನನ್ನ ಮಂಚದ ಕೆಳಗೆ ಇದ್ರು. ನಂತರ ಬಂದವರಿಗೆ 'ಇಲ್ಲ' ಅಂತ ಬರೀಲಿಕ್ಕೆ ನನ್ನ ಕೈ ಓಡ್ಲಿಲ್ಲ."

"ಪಾತುಮ್ಮನ ಪುಟದಲ್ಲಿ ಹಸನಬ್ಬ ಯಾಕೆ?"

"ಅರ್ಜಿಯಲ್ಲಿ ಇತ್ತು, ಅಪ್ಪ ಸತ್ತಿದ್ದಾನೆ, ತಾಯಿ ಊರಲ್ಲಿ. ಮೂರು ವರ್ಷದ ಮಗುವನ್ನು ಒಂದು ಮನೆಯಲ್ಲಿ ಒಂಟಿ ಬರೀಲಿಕ್ಕೆ ಆಗ್ತದಾ, ಝಾಕಿರ್ ಭಾಯಿ? ಒಬ್ಬ ಮಾವನನ್ನು ಇಟ್ಟೆ."

ಝಾಕಿರ್ 238ನೇ ಪುಟದ ಪ್ರತಿಯನ್ನು ಅವನ ಮುಂದೆ ಸರಿಸಿದ. ರೋಹಿದಾಸ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದ, ಮತ್ತೊಮ್ಮೆ ಓದಿದ.

"ಎತ್ಕೊಂಡಿದ್ರಲ್ಲ, ಯಾರೋ," ಎಂದ.

ಬದರ್ ಪೆನ್ನು ಹಿಡಿದು ಕಾಯುತ್ತಿದ್ದರು. ಹೇಳಿಕೆಯ ಕೊನೆಯಲ್ಲಿ ಅಪರಾಧದ ಉದ್ದೇಶ ಎಂಬ ಅಂಕಣ ಖಾಲಿ ಇತ್ತು. ಏನು ಬರೆಯಲಿ ಎಂದು ಕೇಳಿದರು.

"ಮೊದಲು ಭಯ, ಸರ್," ಎಂದ ಝಾಕಿರ್. ಆಮೇಲಿನದ್ದಕ್ಕೆ, 'ಇಲ್ಲ' ಅಂತ ಬರೆಯಲು ಓಡದ ಆ ಕೈಗೆ, ಅವನು ಅರಬಿಯಲ್ಲಿ ಪದ ಹುಡುಕತೊಡಗಿದ.