ಗಾರೆಯವರು ಸಾಕಿದ ಗಡ್ಡಾಸುರ

ಬಹಳ ಬಹಳ ಹಿಂದೆ, ಗೋಡೆಗಳಿಗೂ ದನಿಯಿದ್ದ ಕಾಲದಲ್ಲಿ, ಮೈಯೂರು ಎಂಬ ರಾಜ್ಯವಿತ್ತು. ಅಲ್ಲಿ ಗೋಡೆ ಬಿರಿದರೆ ಗೋಡೆಯೇ ಅಳುತ್ತಿತ್ತು. ಅಳು ಕೇಳಿದ್ದೇ ತಡ, ಗಾರೆಯವರು ಓಡಿ ಬರುತ್ತಿದ್ದರು. ಯಾರ ಅಪ್ಪಣೆಗೂ ಕಾಯುತ್ತಿರಲಿಲ್ಲ. ಕಾಲುವೆ ತೋಡಿ ನೀರು ತಂದು, ಗಾರೆ ಕಲಸಿ ಮೆತ್ತಿ, ಅಳು ನಿಂತ ಮೇಲೆಯೇ ಮನೆಗೆ ಹೋಗುತ್ತಿದ್ದರು. ಎಂಥ ಜನ ಅಂತೀರಿ! ಅಂಥವರಿಂದಲೇ ಊರು ನಿಂತಿತ್ತು.

ಅದನ್ನು ನೋಡಿಯೇ, ಗಡ್ಡೆಯಂತೆ ಊದಿ ಬೇರು ಬಿಡುವ ಗಡ್ಡಾಸುರನೆಂಬ ರಾಕ್ಷಸ ಹೊಂಚು ಹಾಕಿದ. ಊರ ನಡುವೆ ಬಂದು ಕುಳಿತು, ಒಡೆದ ಗೋಡೆಯ ದನಿಯಲ್ಲಿ ಅಳತೊಡಗಿದ. ಪಾಪ, ಗಾರೆಯವರು ಅವನಿಗೂ ಕಾಲುವೆ ತೋಡಿದರು, ಸುತ್ತ ಗೋಡೆ ಕಟ್ಟಿದರು. ಅವನು ಕುಡಿದು ಕುಡಿದು ಬೆಳೆದ. ಊರ ಬಾವಿಗಳು ಬತ್ತಿದವು. ರಾಜಕುಮಾರಿ ಜಾಕಲೆಯ ಅಕ್ಕನಿಗೆ ಆಗಷ್ಟೇ ಕೂಸು ಹುಟ್ಟಿತ್ತು. ಅದರ ತುಟಿ ಒದ್ದೆ ಮಾಡಲೂ ಹನಿ ನೀರಿರಲಿಲ್ಲ. ಕೂಸಿಗೆ ಅಳುವ ಶಕ್ತಿಯೂ ಉಳಿದಿರಲಿಲ್ಲ.

ಜಾಕಲೆ ಕತ್ತಿ ಹಿಡಿದು ಹೋದಳು. ಕಡಿದಳು. ಅಸುರ ಇನ್ನೂ ಜೋರಾಗಿ ಅತ್ತ. ಗಾರೆಯವರು ಓಡಿ ಬಂದು ಮೆತ್ತಿದರು. ಅವನು ಎರಡರಷ್ಟಾದ.

ಜಾಕಲೆಗೆ ಸಿಟ್ಟು ನೆತ್ತಿಗೇರಿತು. ಎರಡನೆಯ ಸಲ ಗಾರೆಯವರನ್ನೆಲ್ಲ ಕೋಟೆಯಾಚೆ ಅಟ್ಟಿದಳು, ಅವರು ಕಟ್ಟಿದ ಗೋಡೆ ಕೆಡವಿಸಿದಳು. ಅಯ್ಯೋ, ಅಸುರನನ್ನು ಅಷ್ಟಾದರೂ ಹಿಡಿದಿಟ್ಟದ್ದು ಆ ಗೋಡೆಯೇ! ಅದು ಬಿದ್ದದ್ದೇ ತಡ, ಅವನ ಬೇರುಗಳು ಬೀದಿಬೀದಿಗೆ ಹರಿದವು.

ಮೂರನೆಯ ಸಲ ಜಾಕಲೆ ಬರಿಗೈಯಲ್ಲಿ ಹೋದಳು. ಅಸುರನ ಬಳಿಗಲ್ಲ, ಕೋಟೆಯಾಚೆ ಕುಳಿತಿದ್ದ ಗಾರೆಯವರ ಹಿರಿಯಳು ಬೊಮ್ಮವ್ವನ ಬಳಿಗೆ.

"ಅವ್ವಾ, ನನ್ನಿಂದ ತಪ್ಪಾತು. ನಿಮ್ಮನ್ನ ಅಟ್ಟಬಾರದಿತ್ತು. ಒಂದು ಮಾತು ಹೇಳ್ರಿ. ನೀವು ಮೆತ್ತಿದ ಗೋಡೆ ಮತ್ತೆ ಅತ್ತದ್ದುಂಟೇನು?"

"ಎಲ್ಲಿಂದ ತಾಯಿ? ಮೆತ್ತಿದ ಮ್ಯಾಲೆ ಸುಮ್ಮನಾಗ್ತದ."

"ಹಂಗಾದ್ರ ಇದ್ಯಾಕ ಇನ್ನೂ ಅಳ್ತದ?"

ಬೊಮ್ಮವ್ವನ ಮುಖ ಬಿಳಿಚಿತು. "ಅಯ್ಯ ನನ್ನವ್ವ! ಗಾಯ ಅಂತ ತಿಳಿದು, ಹಸಿದ ಬಾಯಿಗೆ ನೀರು ಸುರಿದೆವಲ್ಲ!"

ಗಾರೆಯವರು ಗಾರೆ ಮೆತ್ತುವ ಕರಣೆ ಹಿಡಿದು ಎದ್ದರು. ಮೊದಲು ಬೀದಿಯ ಬೇರುಗಳಿಗೆ ಅಡ್ಡಗೋಡೆ ಕಟ್ಟಿದರು. ಆಮೇಲೆ ತಾವೇ ತೋಡಿದ ಕಾಲುವೆಗಳನ್ನು ಒಂದೊಂದಾಗಿ ಮುಚ್ಚತೊಡಗಿದರು. ಅಸುರ ಅತ್ತ, ಗೋಗರೆದ. ಹುಟ್ಟಿದಾಗಿನಿಂದ ಅಳುವಿಗೆ ಓಡಿದವರು ಅಳು ಕೇಳಿಯೂ ನಿಲ್ಲುವುದೆಂದರೆ ಸಾಮಾನ್ಯವೇ! ಆದರೂ ಕೈ ಬಿಡಲಿಲ್ಲ. ಅಸುರ ಒಣಗಿ ಒಣಗಿ ಬೆಲ್ಲದಚ್ಚಿನಷ್ಟಾದ. ಆಗ ಜಾಕಲೆ ಒಂದೇ ಏಟಿಗೆ ಕಡಿದಳು. ಈ ಸಲ ಮೆತ್ತಲು ಯಾರೂ ಓಡಲಿಲ್ಲ.

ಬಾವಿಗಳು ತುಂಬಿದವು. ಅಕ್ಕ ಕೂಸಿನ ತುಟಿಗೆ ನೀರು ಮುಟ್ಟಿಸಿದಳು. ಕೂಸು ಅರಮನೆ ಅದುರುವಂತೆ ಕಿರುಚಿ ಅತ್ತಿತು. ಗಾರೆಯವರೆಲ್ಲ ಕರಣೆ ಹಿಡಿದು ಎದ್ದುಬಿದ್ದು ಓಡಿ ಬಂದರು. ತೊಟ್ಟಿಲು ನೋಡಿ ನಕ್ಕರು. ಆ ನಗುವಿನಲ್ಲೇ ಮೈಯೂರು ನೂರುಕಾಲ ಬಾಳಿತು, ಕೇಳಿದ ನೀವೂ ತಣ್ಣಗಿರಿ.