ಹಳದಿ ಕಾರ್ಡಿನ ಮೂರನೇ ಚೌಕ

ನಮ್ಮ ಮನೆಯಲ್ಲಿ ಜಗಳ ಶುರುವಾದದ್ದು ಒಂದು ಹೆಲಿಕಾಪ್ಟರಿನಿಂದ.

"ಹೆಲಿಕಾಪ್ಟರ್ ನನ್ನ ಬೆನ್ನ ಹಿಂದಿಂದ ಬರ್ಬೇಕು, ತಲೆ ಮೇಲೆ ಹಾದು ಟಿವಿ ಒಳಗೆ ಹೋಗ್ಬೇಕು. ಅದಕ್ಕೇ ಏಳು ಸ್ಪೀಕರಿನ ಸೆಟ್ ತಗೊಂಡಿರೋದು!" ಎಂದರು ಅಪ್ಪ. ಮೂವತ್ತು ವರ್ಷ ಬಸ್ ಓಡಿಸಿದವರು. ಎಂಜಿನ್ ಪಕ್ಕದಲ್ಲಿ ಕೂತು ಕೂತು ಅವರ ಎಡಗಿವಿ ಅರ್ಧ ಮುಷ್ಕರ ಹೂಡಿದೆ. ಸ್ಟೀರಿಂಗ್ ಬಿಟ್ಟ ಮೇಲೆ ಅವರಿಗೆ ಉಳಿದಿದ್ದ ಆಸೆ ಒಂದೇ, ಹಾಲ್‌ನಲ್ಲಿ ಹೋಮ್ ಥಿಯೇಟರ್.

"ನಾನು ಹಿಂದಿನ ಕೋಣೇಲಿ ಬೆಳಗ್ಗಿಂದ ಸಂಜೆವರೆಗೂ ಮೆಷಿನ್ ತುಳೀತೀನಿ. ನನಗೂ ಹಾಡು ಬೇಕು," ಎಂದೆ. ನಾನು ಟೈಲರ್. ಬೀದಿಯ ಅರ್ಧ ಜನರ ಸೊಂಟದ ಅಳತೆ ನನ್ನ ಪುಸ್ತಕದಲ್ಲಿದೆ. ಪ್ರಾಣ ಹೋದರೂ ಹೊರಗೆ ಹೇಳುವುದಿಲ್ಲ.

ನಮ್ಮಿಬ್ಬರ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದವನು ಅಂಗಡಿಯಿಂದ ಬಂದ ಫಿಟ್ಟರ್. ಕಿವಿಯ ಮೇಲೊಂದು ಪೆನ್ಸಿಲ್. ಹೊಸ ರಿಸೀವರನ್ನು ಮಗುವಿನ ಹಾಗೆ ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು ಅದರ ಬೆನ್ನು ನೋಡುತ್ತಿದ್ದ.

"ಸಾರ್, ಈ ಡಬ್ಬಿ ಏಳು ಸ್ಪೀಕರ್ ಓಡಿಸುತ್ತೆ, ಒಂಬತ್ತಲ್ಲ. ನಿಮ್ಮ ಬೆನ್ನ ಹಿಂದಿನ ಎರಡನ್ನ ಮೇಡಂ ರೂಮಿಗೆ ಕೊಟ್ರೆ ಅದು ಎರಡನೇ ಝೋನ್ ಆಗುತ್ತೆ. ನೀವಿಲ್ಲಿ ಫೈಟಿಂಗ್ ನೋಡಿ, ಅವ್ರು ಅಲ್ಲಿ ಹಾಡು ಕೇಳ್ಲಿ. ವಾಲ್ಯೂಮೂ ಬೇರೆ ಬೇರೆ."

"ನನ್ನ ಹೆಲಿಕಾಪ್ಟರ್?"

"ಪಕ್ಕದಿಂದ ಬರುತ್ತೆ ಸಾರ್."

ಅಪ್ಪ ಮುಖ ಊದಿಸಿಕೊಂಡು ಒಳಗೆ ಹೋದರು. ಫಿಟ್ಟರ್ ತಲೆ ಎತ್ತಿ ನನ್ನನ್ನು ನೋಡಿದ. ಗೆದ್ದಿರಲ್ಲ ಮೇಡಂ, ಈಗಲಾದರೂ ನಗಬಹುದಲ್ಲ ಎಂಬಂಥ ನೋಟ. ನಾನು ನಗಲಿಲ್ಲ. ನಕ್ಕಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ.

ಸಂಜೆಯ ಹೊತ್ತಿಗೆ ಗೋಡೆಯಂಚಿನಲ್ಲಿ ವೈರು ಎಳೆದು, ನನ್ನ ಮೆಷಿನ್ನಿನ ಎರಡೂ ಬದಿಗೆ ಸ್ಪೀಕರ್ ಕೂರಿಸಿದ. ನನ್ನ ಹಳೆಯ ಸಿಡಿ ಪ್ಲೇಯರನ್ನೂ ರಿಸೀವರಿಗೆ ಜೋಡಿಸಿದ. ಹಾಡು ಬಂದ ಕ್ಷಣವೇ ಚೀಲ ಹೆಗಲಿಗೇರಿಸಿ ಒಂದು ಹಳದಿ ಕಾರ್ಡ್ ಕೊಟ್ಟ. ಅದರಲ್ಲಿ ಮೂರು ಚೌಕ.

"ಮೂರು ಸಲ ಫ್ರೀ ಸರ್ವಿಸ್. ಬಂದಾಗೆಲ್ಲ ಒಂದೊಂದರಲ್ಲಿ ಸೈನ್ ಮಾಡ್ತೀನಿ."

"ಮೂರೂ ಮುಗಿದ ಮೇಲೆ?"

"ಒಂದೂ ಬೇಕಾಗಲ್ಲ ಮೇಡಂ. ನಾನು ಹಾಕಿದ ವೈರ್ ಅಲ್ಲಾಡಲ್ಲ."

ಎಂಥ ಜಂಬ! ಆ ಜಂಬವೇ ನನಗೆ ಹಿಡಿಸಿತು, ಏನು ಮಾಡಲಿ?

ಒಂದು ವಾರ ಕಾದೆ. ಅವನು ಹೇಳಿದ ಹಾಗೆಯೇ ಒಂದು ವೈರೂ ಅಲ್ಲಾಡಲಿಲ್ಲ. ಎಂಟನೆಯ ದಿನ ಅಪ್ಪ ಸ್ನಾನಕ್ಕೆ ಹೋದದ್ದೇ ತಡ, ರಿಸೀವರಿನ ಹಿಂದೆ ಕೈ ಹಾಕಿ ನನ್ನ ಕೋಣೆಯ ವೈರೊಂದನ್ನು ಕಿತ್ತೆ. ಕಳ್ಳನಿಗೊಂದು ಪಿಳ್ಳೆ ನೆವ. ನನ್ನ ನೆವ ಆ ಕಪ್ಪು ವೈರು.

ಅವನು ಬಂದು ಟಾರ್ಚ್ ಹಾಕಿ ಬಗ್ಗಿ ನೋಡಿದ. ಸ್ಕ್ರೂ ಒಂದನ್ನು ಬೆರಳಲ್ಲಿ ಸವರಿದ.

"ಮನೇಲಿ ಇಲಿ ಇದ್ಯಾ ಮೇಡಂ?"

"ಅಯ್ಯೋ, ಇದೆ! ಇಷ್ಟುದ್ದ!" ಎಂದು ಎರಡೂ ಕೈ ಅಗಲಿಸಿ ತೋರಿಸಿದೆ.

"ಅದು ಬೆಕ್ಕು ಇರ್ಬೇಕು."

ನಾಲಿಗೆ ಕಚ್ಚಿಕೊಂಡೆ. ಅವನ ತುಟಿಯ ಅಂಚಿನಲ್ಲಿ ನಗು ಬಂದು, ನಿಂತು, ಹೋಯಿತು. ವೈರು ಸೇರಿಸಿ ಮೊದಲ ಚೌಕದಲ್ಲಿ ಸೈನ್ ಹಾಕಿದ. ಅವನ ಚೀಲದ ಜೇಬು ಹರಿದು ನೇತಾಡುತ್ತಿತ್ತು. ಕೇಳದೆ ಕಸಿದುಕೊಂಡು ಹೊಲಿದುಕೊಟ್ಟೆ.

"ನಿಮ್ಮ ಹೊಲಿಗೆಗೂ ಕಾರ್ಡ್ ಇದ್ಯಾ?" ಎಂದ.

"ನಾನು ಹಾಕಿದ ಹೊಲಿಗೆ ಬಿಚ್ಚಲ್ಲ."

ಅದಾಗಿ ನಾಲ್ಕೇ ದಿನಕ್ಕೆ ಎಡಗಡೆಯ ಸ್ಪೀಕರ್ ಕರಕರ ಎಂದಿತು. ಆಣೆ ಮಾಡಿ ಹೇಳುತ್ತೇನೆ, ಈ ಸಲ ನಾನು ಮುಟ್ಟಿರಲಿಲ್ಲ. ಅವನು ಬಂದ, ಎರಡು ನಿಮಿಷದಲ್ಲಿ ಸ್ಕ್ರೂ ತಿರುಗಿಸಿ ಸರಿಮಾಡಿದ, ಆದರೆ ಒಂದು ಗಂಟೆ ಕೂತ. ನಾನು ಪರದೆಯೊಂದರ ಅಂಚು ಮಡಿಸುತ್ತಿದ್ದೆ. ಅವನು ಕಿಟಕಿಗೆ ಒರಗಿಕೊಂಡು ಟೀ ಕುಡಿಯುತ್ತ ಹಾಡು ಕೇಳಿದ.

"ಒಂದು ವಿಷ್ಯ ಹೇಳ್ಲಾ? ಇಷ್ಟು ಮನೆಗೆ ಸೌಂಡ್ ಕೂರಿಸಿದೀನಿ. ಹಾಡು ಬಂತಾ, ಬಂತು. ಚೀಲ ಎತ್ತು, ನಡಿ. ನಾನೇ ಹಾಕಿದ ಸೆಟ್ಟಲ್ಲಿ ಇದುವರೆಗೂ ಒಂದು ಹಾಡನ್ನೂ ಪೂರ್ತಿ ಕೇಳಿಲ್ಲ."

"ಈಗ ಕೇಳಿದ್ರಲ್ಲ."

"ಅದಕ್ಕೇ ಏಳೋಕೆ ಮನಸ್ಸಾಗ್ತಿಲ್ಲ."

ಮೆಷಿನ್ನಿನ ಪೆಡಲಿನ ಮೇಲೆ ನನ್ನ ಕಾಲು ನಿಂತೇ ಹೋಯಿತು. ಅವನು ತಟ್ಟನೆ ಎದ್ದು ಎರಡನೇ ಚೌಕದಲ್ಲಿ ಸೈನ್ ಹಾಕಿ ಹೊರಟುಬಿಟ್ಟ. ಅವನಿಗೂ ನಾಚಿಕೆ ಇತ್ತೆಂದು ಆಗ ಗೊತ್ತಾಯಿತು.

ಉಳಿದದ್ದು ಒಂದೇ ಚೌಕ.

ಹೇಳಿಬಿಡುತ್ತೇನೆ, ನನಗೆ ಅವನ ಮೇಲೆ ಪ್ರೀತಿಯಾಗಿತ್ತು. ಆದರೆ ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಅವನು "ಅಯ್ಯೋ ಮೇಡಂ, ನಾನು ಸರ್ವಿಸಿಗೆ ಬಂದವ್ನು" ಎಂದುಬಿಟ್ಟರೆ? ಚೌಕ ಮುಗಿದರೆ ಅವನು ಬರಲು ಕಾರಣವೂ ಮುಗಿಯುತ್ತದೆ. ಆ ಕಾರ್ಡನ್ನು ಸೂಜಿ ಡಬ್ಬಿಯಲ್ಲಿ ಜೋಪಾನವಾಗಿ ಮುಚ್ಚಿಟ್ಟೆ. ರಿಸೀವರಿನ ಹತ್ತಿರ ಪೊರಕೆ ಹೋಗಲೂ ಬಿಡಲಿಲ್ಲ. ಕೆಡಿಸಿದವಳೇ ಕಾವಲು ಕೂತೆ! ಕಾರ್ಡಿನ ಅವಧಿ ತಿಂಗಳ ಕೊನೆಗೆ ಮುಗಿಯುತ್ತಿತ್ತು. ದಿನಗಳು ಹೋಗುತ್ತಿದ್ದವು. ನಾನು ಮಾತ್ರ ಕಲ್ಲಿನ ಹಾಗೆ ಕೂತಿದ್ದೆ.

ಕೊನೆಗೆ ಮೂರು ದಿನ ಉಳಿದಿರುವಾಗ, ಬೆಳಗ್ಗೆ ಹಾಡು ಹಾಕಿದರೆ ದನಿಯೆಲ್ಲ ತೆಳ್ಳಗೆ, ಟೊಳ್ಳು ಟೊಳ್ಳು. ಹಾಡುವವರಿಗೆ ನೆಗಡಿಯಾದಂತೆ.

"ಚೆನ್ನಾಗೇ ಇದೆ ಬಿಡಿ ಅಪ್ಪ," ಎಂದೆ.

"ಏನು ಚೆನ್ನಾಗಿದೆ? ನನ್ನ ಕಿವುಡುಗಿವಿಗೇ ಗೊತ್ತಾಗುತ್ತೆ. ಫೋನ್ ಮಾಡಿದೀನಿ, ಬರ್ತಿದಾನೆ."

ನನ್ನ ಕೈ ಸೂಜಿ ಡಬ್ಬಿಯ ಮೇಲೆ ಹೋಯಿತು.

ಅವನು ಬಂದು ಒಂದು ನಿಮಿಷ ಕೇಳಿಸಿಕೊಂಡ. ರಿಸೀವರಿನ ಹಿಂದೆ ನೋಡಿದ. "ಎಡಗಡೆ ಸ್ಪೀಕರಿಗೆ ಕೆಂಪು ಕಪ್ಪಲ್ಲಿದೆ, ಕಪ್ಪು ಕೆಂಪಲ್ಲಿದೆ. ಒಂದು ಸ್ಪೀಕರ್ ಹೂಂ ಅಂದಾಗ ಇನ್ನೊಂದು ಉಹೂಂ ಅಂತಿದೆ. ಜಗಳದಲ್ಲಿ ದನಿ ಸತ್ತುಹೋಗಿದೆ." ವೈರು ಬದಲಿಸಿದ. ಅಪ್ಪ ಹಾಲ್‌ನಲ್ಲಿ ಫೈಟಿಂಗ್ ಹಾಕಿಕೊಂಡು ಕೂತರು, ನಾವಿಬ್ಬರೂ ನನ್ನ ಕೋಣೆಗೆ ಬಂದೆವು. ಕೋಣೆ ತುಂಬ ಹಾಡು ಮತ್ತೆ ತುಂಬಿಕೊಂಡಿತು. ನನಗೆ ಮಾತ್ರ ಅಳು ಬರುವಂತಾಯಿತು.

"ಇಲಿ ಬಣ್ಣ ನೋಡಿ ವೈರ್ ಬದಲಿಸಲ್ಲ ಮೇಡಂ," ಎಂದ ಮೆಲ್ಲಗೆ.

"ನಾನಲ್ಲ! ಮೊದಲನೇದು ಮಾತ್ರ ನಾನು!" ಎಂದುಬಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಪೈಕಿ ನಾನು.

ಅವನು ಆಶ್ಚರ್ಯಪಡಲಿಲ್ಲ. "ಗೊತ್ತು. ಅವತ್ತು ಸ್ಕ್ರೂ ಮೇಲೆ ನೀವು ಬಟ್ಟೆಗೆ ಗುರುತು ಹಾಕೋ ನೀಲಿ ಚಾಕಿನ ಪುಡಿ ಇತ್ತು."

"ಗೊತ್ತಿದ್ದೂ ಸುಮ್ನಿದ್ರಾ?"

"ಸುಮ್ನೆಲ್ಲಿ? ಅವತ್ತೇ ಎಡಗಡೆ ಸ್ಕ್ರೂ ಅರ್ಧ ಸುತ್ತು ಸಡಿಲ ಬಿಟ್ಟು ಹೋದೆ. ಎರಡನೇದು ನಂದು." ಅವನ ಕಿವಿ ಕೆಂಪಾಗಿತ್ತು. "ಇಷ್ಟು ವರ್ಷದಲ್ಲಿ ಬೇಕಂತ ಕೆಟ್ಟ ಕೆಲಸ ಮಾಡಿದ್ದು ಅದೊಂದೇ ಸಲ. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಆದ್ರೆ ನಿಮ್ಮನ್ನ ಇನ್ನೊಂದ್ಸಲ ನೋಡ್ಬೇಕಿತ್ತು. ಈಗ್ಲೂ ನೋಡ್ಬೇಕು. ದಿನಾ ನೋಡ್ಬೇಕು. ತಪ್ಪಾದ್ರೆ ಹೇಳಿ, ಸೈನ್ ಮಾಡಿ ಹೋಗ್ತೀನಿ."

"ತಪ್ಪಲ್ಲ," ಎಂದೆ. "ನನಗೂ ಅಷ್ಟೇ. ಮೊದಲ ದಿನದಿಂದ."

ಇಬ್ಬರೂ ನೆಲ ನೋಡುತ್ತ ನಿಂತೆವು. ಆಮೇಲೆ ಅವನು ಬೆರಳನ್ನು ಮೂಗಿನ ಹತ್ತಿರ ತಂದುಕೊಂಡ.

"ಹಾಗಾದ್ರೆ ಮೂರನೇದು ಯಾರದ್ದು? ಸ್ಕ್ರೂಗೆ ನೋವಿನ ಮುಲಾಮಿನ ವಾಸನೆ."

ಹಾಲ್‌ನಲ್ಲಿ ಟಿವಿಯ ಫೈಟಿಂಗ್ ಗಪ್ಪನೆ ನಿಂತಿತು.

"ನನ್ನ ಮೊಣಕಾಲಿಂದು ಅದು," ಎಂದು ಅಪ್ಪ ಕೂಗಿದರು. "ಕಿತ್ತು ಬಿಸಾಕೋಣ ಅಂತಿದ್ದೆ. ಅಷ್ಟರಲ್ಲಿ ಇವಳ ಚಪ್ಪಲಿ ಸದ್ದಾಯ್ತು, ಕನ್ನಡಕ ಇರ್ಲಿಲ್ಲ, ಸಿಕ್ಕಸಿಕ್ಕ ಕಡೆ ತುರುಕಿದೆ. ಮತ್ತೇನ್ ಮಾಡ್ಲಿ? ಇವಳು ಕಾರ್ಡ್ ಬಚ್ಚಿಟ್ಕೊಂಡು ಕೂತ್ರೆ ತಿಂಗಳು ಮುಗಿಯಲ್ವಾ?"

"ಅಪ್ಪ! ಎಲ್ಲಾ ಕೇಳಿಸ್ಕೊಂಡ್ರಾ?"

"ಕೆಟ್ಟಿರೋದು ಎಡಗಿವಿ. ಬಲಗಿವಿ ಹೊಸದಿದ್ದ ಹಾಗಿದೆ."

ಫಿಟ್ಟರ್ ಬಾಯಿಗೆ ಕೈ ಅಡ್ಡ ಇಟ್ಟು ನಗತೊಡಗಿದ. ನಾನು ಸೂಜಿ ಡಬ್ಬಿಯಿಂದ ಕಾರ್ಡ್ ತೆಗೆದೆ. ಅವನು ಮೂರನೇ ಚೌಕದಲ್ಲಿ ಸೈನ್ ಹಾಕಿದ. ಈಗ ನನಗೆ ಭಯವಾಗಲಿಲ್ಲ. ಕಾರ್ಡನ್ನು ಮೇಜಿನ ಮೇಲಿಟ್ಟು, ಸ್ಕೇಲ್ ಒತ್ತಿ, ನೀಲಿ ಚಾಕಿನಲ್ಲಿ ಮೂರರ ಪಕ್ಕ ಇನ್ನೊಂದು ಚೌಕ ಎಳೆದೆ. ನನ್ನ ಕೈ ಅಳತೆ ತಪ್ಪುವುದಿಲ್ಲ, ನಾಲ್ಕೂ ಒಂದೇ ಸಮ ಬಂದವು.

"ಇದು ಯಾವಾಗ?" ಎಂದ.

"ಭಾನುವಾರ ಸಂಜೆ. ಸ್ಕ್ರೂಡ್ರೈವರ್ ತರ್ಬೇಡಿ."

ಅಪ್ಪ ಬಾಗಿಲಲ್ಲಿ ಬಂದು ನಿಂತರು, ಕೈಯಲ್ಲಿ ರಿಮೋಟು. ಮುಖ ಭಾರಿ ಗಂಭೀರ. "ನೋಡಪ್ಪಾ, ಒಂದು ಷರತ್ತು. ನನ್ನ ಮಗಳು ಈ ಮನೆಯಿಂದ ಹೊರಟ ದಿನ, ಆ ಎರಡು ಸ್ಪೀಕರ್ ನನ್ನ ಬೆನ್ನ ಹಿಂದೆ ವಾಪಸ್ ಬರ್ಬೇಕು. ನೀನೇ ಹಾಕ್ಕೊಡ್ಬೇಕು."

"ಹಾಕ್ತೀನಿ ಸಾರ್."

ಅಪ್ಪ ತಿರುಗಿ ಎರಡು ಹೆಜ್ಜೆ ಹೋದರು, ನಿಂತರು. ನಮ್ಮ ಕಡೆ ನೋಡಲಿಲ್ಲ.

"ಹಾಗಂತ ಅವಸರ ಏನಿಲ್ಲ," ಎಂದರು. "ಪಕ್ಕದಿಂದ ಬಂದ್ರೂ ಹೆಲಿಕಾಪ್ಟರ್ ಹೆಲಿಕಾಪ್ಟರೇ."